ಬೆಕ್ಕಿನ ಮರಿಯನ್ನು ತಾಯಿಯಿಂದ ಅಗಲಿಸುವ ಕಾಲ



ಘೋಡಗೇರಿಯ ನಮ್ಮ ಬಂಧುಗಳ ಮನೆಯಲ್ಲಿ ಬೆಕ್ಕು ಮರಿ ಹಾಕಿತೆಂದರೆ ಸುದ್ದಿಯು ಮರುದಿನವೇ ಓಣಿಗೆಲ್ಲ ಹಬ್ಬುವುದು. ಜೋಳ, ಗೋವಿನಜೋಳಗಳ ಚೀಲಗಳನ್ನು ಒಟ್ಟಿದ ಮನೆಗಳಿಗೆ ಇಲಿಯ ಕಾಟ ತಪ್ಪಿದ್ದಲ್ಲ. “ನಮಗೂ ಒಂದು ಮರಿ ಇಟ್ಟಿರ್ರಿ, ಕಾಕೂ” ಎಂದು ಹೇಳಿಹೋಗುವವರು ಅನೇಕರು. “ಕಣ್ಣು ಬಿಡಲಿ, ಆಮ್ಯಾಲ ಒಯ್ಯುವಿಯಂತ” ಎಂಬುದು ವಾಡಿಕೆಯ ಉತ್ತರ.

ಈ ಉತ್ತರವನ್ನು ನಂಬಿ ನಾನೂ ಒಮ್ಮೆ ಮೂರು ವಾರದ ಮರಿಯೊಂದನ್ನು ಬುಟ್ಟಿಯಲ್ಲಿಟ್ಟು ತಂದೆನು. ಆಕಳ ಹಾಲನ್ನು ಕುಡಿಸಿ ಪುಣ್ಯ ಸಂಪಾದಿಸಿದೆನೆಂದುಕೊಂಡೆನು. ಮರುದಿನ ಭೇದಿ ಮೊದಲಾಯಿತು. ನಾಲ್ಕನೆಯ ದಿನ ಮರಿಯು ಉಳಿಯಲಿಲ್ಲ. ನನ್ನ ಪದವಿಯು ಅಂದು ಏನೂ ಉಪಯೋಗಕ್ಕೆ ಬರಲಿಲ್ಲ.

ಹುಟ್ಟಿದಾಗ ಮರಿಯ ತೂಕ ಸುಮಾರು 100 ಗ್ರಾಂ. ಅದು ಕಣ್ಣು ಬಿಡುವುದು 7ರಿಂದ 14 ದಿನಗಳೊಳಗೆ. ಆಗ ಅದಕ್ಕೆ ತನ್ನ ಮೈಯ ಕಾವನ್ನು ಕಾಪಾಡಿಕೊಳ್ಳುವ ಶಕ್ತಿಯಿರುವುದಿಲ್ಲ. ಮಲಮೂತ್ರ ವಿಸರ್ಜನೆಗೂ ತಾಯಿಯು ನೆಕ್ಕಿ ಪ್ರಚೋದಿಸಬೇಕು. ಕಣ್ಣು ತೆರೆದುದು ಬೆಳವಣಿಗೆಯ ಆರಂಭವೇ ಹೊರತು ಮುಕ್ತಾಯವಲ್ಲ. ನಾಲ್ಕನೆಯ ವಾರದ ಸುಮಾರಿಗೆ ಮರಿಯು ತಾಯಿಯ ಆಹಾರಕ್ಕೆ ಬಾಯಿ ಹಾಕುವುದು. ತಾಯಿಯೂ ಮೊಲೆಯೂಡಿಸದೆ ಎದ್ದುಹೋಗತೊಡಗುವುದು. ಹಾಲು ಪೂರ್ತಿ ಬಿಡಲು ಎಂಟು ವಾರಗಳು ಬೇಕು. ಬೆಕ್ಕಿನ ಹಾಲಿನಲ್ಲಿರುವ ಸಸಾರಜನಕವು ಆಕಳ ಹಾಲಿನಲ್ಲಿರುವುದರ ಸುಮಾರು ಎರಡರಷ್ಟು. ಆದುದರಿಂದ ಒಂದಕ್ಕೆ ಇನ್ನೊಂದು ಬದಲಾಗಲಾರದು.

ಆದರೆ ಹೊಟ್ಟೆಯ ಮಾತು ಇದರಲ್ಲಿ ಅರ್ಧ ಮಾತ್ರ. ನಾವು ಬೆಕ್ಕನ್ನು ತರುವುದು ಇಲಿ ಹಿಡಿಯಲೆಂದಲ್ಲವೆ? ಆ ವಿದ್ಯೆಯ ಬಹುಭಾಗವನ್ನು ಕಲಿಸುವವಳು ತಾಯಿ. ಮೊದಲು ಸತ್ತ ಇಲಿಯನ್ನು ತಂದು ಮರಿಗಳ ಮುಂದೆ ಹಾಕುವಳು. ಕೆಲವು ದಿನಗಳ ತರುವಾಯ ಜೀವವಿರುವುದನ್ನು ತಂದು ಬಿಟ್ಟು, ತಪ್ಪಿಸಿಕೊಂಡರೆ ತಾನೇ ಮರಳಿ ಹಿಡಿಯುವಳು. ನಮ್ಮ ಕಾಲೇಜುಗಳಲ್ಲಿ ಇಷ್ಟು ಕ್ರಮವಾಗಿ ಪಾಠ ನಡೆಯುವುದೋ ಇಲ್ಲವೋ ನಾನು ಹೇಳಲಾರೆ. ಇತ್ತ ಒಡಹುಟ್ಟಿದವುಗಳೊಡನೆ ಕಾದಾಡುವಾಗ, ಬಲವಾಗಿ ಕಚ್ಚಿದರೆ ಎದುರಿನದು ಆಟ ಬಿಟ್ಟುಹೋಗುವುದು, ಇಲ್ಲವೆ ತಿರುಗಿ ಕಚ್ಚುವುದು. ಹಲ್ಲು ಉಗುರುಗಳನ್ನು ಹಿಡಿತದಲ್ಲಿಡಲು ಮರಿಯು ಕಲಿಯುವುದು ಹೀಗೆ. ಒಂಟಿಯಾಗಿ ಬೆಳೆದದ್ದು ನಿಮ್ಮ ಮಕ್ಕಳ ಕೈಯ ಮೇಲೆ ಈ ಪಾಠವನ್ನು ಕಲಿಯಬೇಕಾದೀತು. ಫಿನ್ಲೆಂಡ್ ದೇಶದ ಹೆಲ್ಸಿಂಕಿ ವಿಶ್ವವಿದ್ಯಾಲಯದವರು ಸುಮಾರು 5,700 ಬೆಕ್ಕುಗಳ ವಿಷಯವನ್ನು ಅವುಗಳ ಒಡೆಯರಿಂದ ಕೇಳಿ ತಿಳಿದು 2017ರಲ್ಲಿ ಪ್ರಕಟಿಸಿದರು. 8 ವಾರಗಳಿಗೆ ಮೊದಲೇ ತಾಯಿಯನ್ನಗಲಿದವುಗಳಲ್ಲಿ ಮೇಲೆರಗುವ ಸ್ವಭಾವವು ಹೆಚ್ಚಾಗಿಯೂ, 14 ವಾರಗಳವರೆಗೆ ಜತೆಗಿದ್ದವುಗಳಲ್ಲಿ ಅಪರಿಚಿತರ ಮೇಲಣ ಕೋಪವು ಕಡಿಮೆಯಾಗಿಯೂ ಕಂಡಿತು.

ಹಾಗೆಂದು ಅಷ್ಟು ದಿನ ಮರಿಯನ್ನು ಮುಟ್ಟಬಾರದೆಂದಲ್ಲ. ಎರಡನೆಯ ವಾರದಿಂದ ಏಳನೆಯ ವಾರದವರೆಗೆ ಮನುಷ್ಯರ ಕೈಯಲ್ಲಿ ಆಡಿದ ಮರಿಯೇ ಮುಂದೆ ಮನುಷ್ಯರಿಗೆ ಹೊಂದಿಕೊಳ್ಳುವುದು. ಒಯ್ಯಬೇಕೆನ್ನುವವರು ಈ ಅವಧಿಯಲ್ಲಿ ಬಂದು ಮೆಲ್ಲನೆ ಎತ್ತಿ ಆಡಿಸಲಿ. ಗುಂಪುಗೂಡಿ ಗದ್ದಲ ಮಾಡಬಾರದು. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುವುದೆಂದು ಹಿರಿಯರು ಹೇಳುವರು. ಏಳೆಂಬ ಲೆಕ್ಕ ಹೇಗೂ ಇರಲಿ, ಸ್ಥಳದಲ್ಲಿ ನೆಮ್ಮದಿ ಕೆಟ್ಟರೆ ಅದು ಮರಿಗಳನ್ನು ಕಚ್ಚಿಕೊಂಡು ಹೋಗುವುದು ನಿಜ.

ಹಾಗಾದರೆ ಗುರುತೇನು? ಹುಟ್ಟಿದ ದಿನವನ್ನು ಗೋಡೆಯ ಪಂಚಾಂಗದಲ್ಲಿ ಬರೆದಿಡಿರಿ. ಎಂಟು ವಾರ ತುಂಬದೆ ಕೊಡಬೇಡಿರಿ. ಹನ್ನೆರಡಾದರೆ ಮತ್ತೂ ಒಳಿತು. ಮರಿಯು ಮೊಲೆಗೆ ಹೋಗದೆ ತಾನೇ ತಿನ್ನಬೇಕು, ಮಲವು ಗಟ್ಟಿಯಾಗಿರಬೇಕು, ಬೂದಿ ಅಥವಾ ಮರಳಿನಲ್ಲಿ ಕೆದರಿ ಮುಚ್ಚುವುದನ್ನು ಕಲಿತಿರಬೇಕು. ತಾಯಿಯಿಲ್ಲದ ಮರಿಯ ಮಾತು ಬೇರೆ. ಅದಕ್ಕೆ ಬೆಚ್ಚಗಿನ ಹಾಸಿಗೆಯನ್ನೂ ಪಶುವೈದ್ಯರು ಹೇಳುವ ಮರಿಹಾಲನ್ನೂ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯಲ್ಲಿ ಕೂಡ, ಒದಗಿಸಬೇಕು.

ಒಯ್ಯುವ ದಿನ ತಾಯಿ ಮಲಗಿದ್ದ ಹಳೆಯ ಬಟ್ಟೆಯ ತುಂಡೊಂದನ್ನು ಬುಟ್ಟಿಯಲ್ಲಿ ಹಾಕಿಕೊಳ್ಳಿರಿ. ಕೆಲವು ದಿನ ಒಂದೇ ಕೋಣೆಯಲ್ಲಿಟ್ಟು, ಹಳೆಯ ಮನೆಯಲ್ಲಿ ತಿನ್ನುತ್ತಿದ್ದುದನ್ನೇ ಕೊಡಿರಿ. ಮೂರು ತಿಂಗಳಾದೊಡನೆ ಹುಚ್ಚುನಾಯಿ ರೋಗದ ಲಸಿಕೆಯನ್ನು ಹಾಕಿಸಿರಿ.