ಪ್ರತ್ಯಾಹಾರವೂ ಪಾಯಿಂಟರೂ

ಪಾಣಿನೀಯದ ಹದಿನಾಲ್ಕು ಮಾಹೇಶ್ವರಸೂತ್ರಗಳಲ್ಲಿ ವರ್ಣಗಳು ಸಾಲಾಗಿ ನಿಂತಿರುವುವು. ಆ ಸಾಲಿನ ಒಂದು ಭಾಗವನ್ನು ಹೇಳಬೇಕಾದರೆ ವರ್ಣಗಳನ್ನೆಲ್ಲ ಮತ್ತೆ ಬರೆಯುವ ಶ್ರಮವಿಲ್ಲ. ಆದಿವರ್ಣವನ್ನೂ ಕೊನೆಯ ಇತ್ತನ್ನೂ ಕೂಡಿಸಿದರೆ ಸಾಕು. ‘ಇಕ್’ ಎಂದರೆ ಮೊದಲನೆಯ ಸೂತ್ರದ ನಡುವಣ ಇಕಾರದಿಂದ ಹೊರಟು ಎರಡನೆಯ ಸೂತ್ರದ ಕಕಾರದವರೆಗೆ. ಇ, ಉ, ಋ, ಌ ಎಂಬ ನಾಲ್ಕು ವರ್ಣಗಳು. ಇತ್ತು ಎಲ್ಲೆಯನ್ನು ತೋರಿಸುವುದಲ್ಲದೆ ತಾನು ಎಣಿಕೆಗೆ ಸೇರದು. ಣಕಾರವು ಎರಡೆಡೆಯಲ್ಲಿ ಇತ್ತಾಗಿ ಬಂದುದರಿಂದ ‘ಅಣ್’ ಎಲ್ಲಿಗೆ ನಿಲ್ಲುವುದೆಂಬ ಚರ್ಚೆಯು ವ್ಯಾಖ್ಯಾತೃಗಳಲ್ಲಿ ಪ್ರಸಿದ್ಧವೇ ಇದೆ; ಅದು ಇಲ್ಲಿ ಪ್ರಕೃತವಲ್ಲ.

ಡೆನ್ನಿಸ್ ರಿಚಿಯು 1972ರ ಸುಮಾರಿನಲ್ಲಿ ಅಮೆರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ರಚಿಸಿದ ‘ಸಿ’ ಎಂಬ ಗಣಕಭಾಷೆಯಲ್ಲಿ ಇಂತಹ ಕೆಲಸಕ್ಕೆ ಪಾಯಿಂಟರ್ ಎಂಬುದುಂಟು. ಒಂದೇ ಜಾತಿಯ ವಸ್ತುಗಳನ್ನು ಗಣಕದ ಸ್ಮೃತಿಯಲ್ಲಿ ಎಡೆಬಿಡದೆ ಸಾಲಾಗಿಟ್ಟರೆ ಅದು ಅರೇ. ಆ ಸಾಲಿನ ಒಂದು ಮನೆಯ ವಿಳಾಸವನ್ನು ಹಿಡಿದಿರುವುದು ಪಾಯಿಂಟರ್. ಇದನ್ನು ಅರ್ಧ ಪ್ರತ್ಯಾಹಾರವೆನ್ನಬೇಕು. ಆದಿಯನ್ನು ಬಲ್ಲದು, ಅಂತ್ಯವನ್ನು ಅರಿಯದು.

ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯ ಹೆಸರನ್ನೇ ತೆಗೆದುಕೊಳ್ಳೋಣ. ಈಗ ರೂಢಿಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ವ್ಯಂಜನಕ್ಕೂ ಒಂದೊಂದು ಸ್ವರಚಿಹ್ನೆಗೂ ಮೂರು ಮೂರು ಬೈಟುಗಳು. ‘ರಾಮಗಿರಿ’ಯಲ್ಲಿ ಇವು ಏಳು; ಬೈಟುಗಳು 21; ಪದಾಂತವನ್ನು ಸೂಚಿಸುವ ಸೊನ್ನೆಯ ಬೈಟು ಸೇರಿ 22. ಆದಿಯ ವಿಳಾಸಕ್ಕೆ 9ನ್ನು ಕೂಡಿಸಿ ಅಲ್ಲಿಂದ ಓದಿಸಿದರೆ ‘ಗಿರಿ’ ಎಂದು ಬರುವುದು. ಒಂದಕ್ಷರವನ್ನೂ ನಕಲು ಮಾಡಬೇಕಾದುದಿಲ್ಲ. 10ನ್ನು ಕೂಡಿಸಿದರೆ ಗಕಾರದ ಹೊಟ್ಟೆಯೊಳಗೆ ಬೀಳುವೆವು. 3ನ್ನು ಕೂಡಿಸಿದರೆ ಬೈಟಿನ ಲೆಕ್ಕವೇನೋ ಸರಿ, ಆದರೆ ವ್ಯಂಜನವಿಲ್ಲದ ದೀರ್ಘಚಿಹ್ನೆಯು ಮೊದಲಲ್ಲಿ ನಿಲ್ಲುವುದು. ಶಾಲೆಯ ಬಾಲಕನೂ ಹಾಗೆ ಬರೆಯನು.

‘ರಾಮ’ ಎಂಬ ಪೂರ್ವಪದವನ್ನು ಮಾತ್ರ ಪಡೆಯುವುದು ಹೇಗೆ? ಸೊನ್ನೆಯು ಗಿರಿಯ ಆಚೆಗಿದೆಯಷ್ಟೆ. ಗಕಾರದ ಮೊದಲ ಬೈಟಿನಲ್ಲಿ ಸೊನ್ನೆಯನ್ನಿಟ್ಟರೆ ‘ರಾಮ’ವೇನೋ ಸಿಕ್ಕುವುದು, ಆದರೆ ಮೂಲದ ಹೆಸರೇ ಕೆಡುವುದು. ಭಾಗವೂ ಪೂರ್ಣವೂ ಇರುವ ಎಡೆಯೊಂದೇ ಆದುದರಿಂದ, ಅದೇ ಸಾಲನ್ನು ನೋಡುತ್ತಿರುವ ಬೇರೆ ಪಾಯಿಂಟರುಗಳಿಗೂ ಕೆಟ್ಟುದೇ ಕಾಣುವುದು. ಆದಕಾರಣ ಆದಿಯ ವಿಳಾಸದೊಡನೆ 9 ಎಂಬ ಉದ್ದವನ್ನಾಗಲಿ, ಎಲ್ಲೆಗೆ ಇನ್ನೊಂದು ಪಾಯಿಂಟರನ್ನಾಗಲಿ ಒಯ್ಯತಕ್ಕುದು. ಈ ಎಲ್ಲೆಯ ಪಾಯಿಂಟರು ಇತ್ತಿನಂತೆಯೇ ಸರಿ: ಗಕಾರದ ಮೇಲೆ ನಿಂತರೂ ಗಕಾರವು ಎಣಿಕೆಗೆ ಸೇರದು. ಸಾಲಿನ ಕಡೆಯ ಮನೆಯಿಂದ ಒಂದು ಹೆಜ್ಜೆ ಆಚೆಗೆ ಕೈತೋರಿಸಲು ಸಿ ಭಾಷೆಯ ನಿಯಮವು ಒಪ್ಪುವುದು. ಅಲ್ಲಿರುವುದನ್ನು ಓದಲು ಒಪ್ಪದು.

ಒಪ್ಪದಿದ್ದರೂ ಆ ಭಾಷೆಯು ತಾನಾಗಿ ತಡೆಯುವುದಿಲ್ಲ. 2014ರಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ದೋಷವು ಇಂಥದೇ. ಕೇಳಿದವನು ಹೇಳಿದ ಉದ್ದವನ್ನು ಪರೀಕ್ಷಿಸದೆ ನಂಬಿದುದರಿಂದ, ನೆರೆಯ ಮನೆಗಳಲ್ಲಿದ್ದ ಗುಟ್ಟುಗಳೂ ಒಂದೊಂದು ಸಲಕ್ಕೆ 64 ಕಿಲೋಬೈಟುಗಳವರೆಗೆ ಹೊರಬಿದ್ದುವು.