ಇಂಫಾಲದ ತರಗತಿಗೆ ಮೈಸೂರಿನ ಪಾಠ

ಎರಡು ವರ್ಷದ ಮಗು, ಕರೆದರೆ ತಿರುಗಿ ನೋಡಲ್ಲ.
ಊರಲ್ಲಿ ಕಿವಿ ಪರೀಕ್ಷೆ ಮಾಡುವವರೇ ಇಲ್ಲ. ಏನು ಮಾಡೋದು?
ಪ್ರತಿ ಊರಲ್ಲೂ ದೊಡ್ಡ ಸಂಸ್ಥೆ ಕಟ್ಟೋತನಕ ಕಾದರೆ,
ಆ ಮಗು ಮಾತು ಕಲಿಯುವ ವಯಸ್ಸೇ ದಾಟಿಹೋಗುತ್ತೆ.

1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ
ಬೇರೆ ದಾರಿ ಹಿಡಿಯಿತು.
ಇಂಥ ಪರೀಕ್ಷೆ ಕಲಿಸುವ ತನ್ನ ಡಿಪ್ಲೊಮಾ ಪಾಠವನ್ನು ವಿಡಿಯೊ ಮೂಲಕ
ಇಂಫಾಲ, ಪುದುಚೇರಿಯಂಥ ಊರುಗಳ ಆಸ್ಪತ್ರೆಗಳಿಗೆ ತಲುಪಿಸಿತು.
ಪಲ್ಲಕ್ಕಿ ಹೊತ್ತ ಹಾಗೆ: ಹೆಗಲು ಹಲವು, ಹೆಜ್ಜೆ ಒಂದೇ.

ಪರದೆ ನೋಡಿ ಕೈಕೆಲಸ ಬರುತ್ತಾ? ಬರಲ್ಲ, ಈ ಆಕ್ಷೇಪ ಸರಿಯೇ.
ಅದಕ್ಕೇ ಪಾಠ ಮೈಸೂರಿನದು, ಅಭ್ಯಾಸ ಅಲ್ಲಿಯದು.
ಹೆಡ್‌ಫೋನ್ ಹಾಕಿಕೊಂಡ ಮಗು
ಸದ್ದು ಕೇಳಿದಾಗಲೆಲ್ಲ ಡಬ್ಬಿಗೆ ಒಂದು ಮಣಿ ಹಾಕುತ್ತೆ, ನೋಡಿದ್ದೀರಾ?
ಆ ಪರೀಕ್ಷೆಯನ್ನು ಅಲ್ಲಿನ ಮಕ್ಕಳ ಜೊತೆ,
ಅವರದೇ ಭಾಷೆಯಲ್ಲಿ ಕಲಿಯಬೇಕು.
ಫಿಸಿಯೋಥೆರಪಿ, ವಿಶೇಷ ಶಿಕ್ಷಣದ ಕಾಲೇಜುಗಳೂ
ಹೀಗೇ ಕೈಜೋಡಿಸಲಿ.