ಟಕ್ ಎಂದಿತೇ? ಹಳೆಯ ಗಾಡಿಯ ರಿಲೇ ಮತ್ತು ವೈರಿಂಗ್



ಉದಗೀರದಿಂದ ಕಮಲನಗರದ ಕಡೆಗೋ, ನಿಲಂಗಾ, ಉಮರ್ಗಾದ ಕಡೆಗೋ ರಾತ್ರಿ ಹೊತ್ತು ಹಳೆಯ ಗಾಡಿ ಓಡಿಸುವವರಿಗೆ ಒಂದು ಭಯ ಚೆನ್ನಾಗಿ ಗೊತ್ತು. ಮುಂದೆ ಹಿಂದೀಪವಿಲ್ಲದ ಕಬ್ಬಿನ ಟ್ರಾಲಿ, ಎರಡೂ ಕಡೆ ಕರಿಮಣ್ಣಿನ ಹೊಲ. ಅಂಥ ಹೊತ್ತಿನಲ್ಲೇ ಹೆಡ್‌ಲೈಟು ಮಿಣುಕಿ ಆರಿಹೋಗುತ್ತದೆ. ಮರುದಿನ ಗ್ಯಾರೇಜಿನಲ್ಲಿ ನಡೆಯುವ ಮಾತು ಹೆಚ್ಚಾಗಿ ಹೀಗೆ:

"ಕಾಕಾ, ಲೈಟ್ ಹತ್ತವಲ್ದು. ರಿಲೇ ಹೋಗ್ಯಾದ ಕಾಣ್ತದ, ಹೊಸದು ಕೂಡಸ್ರಿ."

"ಆತ್ ತಮ್ಮಾ, ಕೂಡಸ್ತೀನಿ."

ಹೊಸ ರಿಲೇ ಬರುತ್ತದೆ, ದುಡ್ಡು ಹೋಗುತ್ತದೆ. ನಾಲ್ಕು ದಿನಕ್ಕೆ ಲೈಟು ಮತ್ತೆ ಆರುತ್ತದೆ. ಏಕೆಂದರೆ ಕೆಟ್ಟದ್ದು ರಿಲೇ ಆಗಿರಲೇ ಇಲ್ಲ.

ಅಂಬಾಸಡರ್ ಮತ್ತು ಮಾರುತಿ 800 ಎರಡರ ತಯಾರಿಕೆಯೂ 2014ರಲ್ಲಿ ನಿಂತಿತು. ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟವು. ಇಂಥ ಗಾಡಿಗಳನ್ನು ಜೋಪಾನವಾಗಿ ಇಟ್ಟುಕೊಂಡವರಿಗೆ ಇಂದಿನ ಮಾತು ಉಪಯೋಗಕ್ಕೆ ಬಂದೀತು.

ಮೊದಲು ರಿಲೇ ಎಂದರೇನು ನೋಡೋಣ. ಈ ಹೆಸರು ಬಂದದ್ದು ಕುದುರೆಗಳಿಂದ. ಹಿಂದೆ ಟಪಾಲು ಒಯ್ಯುವಾಗ ಒಂದು ಠಾಣೆಯಲ್ಲಿ ದಣಿದ ಕುದುರೆ ನಿಲ್ಲುತ್ತಿತ್ತು, ಅಲ್ಲಿಂದ ಹೊಸ ಕುದುರೆ ಓಡುತ್ತಿತ್ತು. ಅಮೇರಿಕೆಯ ಜೋಸೆಫ್ ಹೆನ್ರಿ 1835ರಲ್ಲಿ ವಿದ್ಯುತ್ತಿಗೂ ಇದೇ ಉಪಾಯ ಹೂಡಿದರು. ಗಾಡಿಯಲ್ಲಿ ಆಗುವುದೂ ಅದೇ. 60 ವ್ಯಾಟಿನ ಎರಡು ಬಲ್ಬು ಉರಿಯಬೇಕಾದರೆ 12 ವೋಲ್ಟಿನಲ್ಲಿ 10 ಆಂಪಿಯರ್ ಕರೆಂಟು ಬೇಕು. ಅಷ್ಟು ಕರೆಂಟು ಡ್ಯಾಶ್‌ಬೋರ್ಡಿನ ಸಣ್ಣ ಸ್ವಿಚ್ಚಿನ ಮೂಲಕ ಹರಿದರೆ ಸ್ವಿಚ್ಚಿನ ಪಾಯಿಂಟು ಸುಡುತ್ತದೆ. ಆದ್ದರಿಂದ ಸ್ವಿಚ್ಚು ರಿಲೇಯೊಳಗಿನ ಸುರುಳಿಗೆ ಮಾತ್ರ ಕರೆಂಟು ಕೊಡುತ್ತದೆ. ಅದಕ್ಕೆ ಒಂದು ಆಂಪಿಯರಿನ ಐದನೆಯ ಒಂದು ಪಾಲೂ ಬೇಡ. ಸುರುಳಿ ಆಯಸ್ಕಾಂತವಾಗಿ ಒಂದು ಪಟ್ಟಿಯನ್ನು ಎಳೆದುಕೊಳ್ಳುತ್ತದೆ, ಟಕ್ ಎಂದು ಸದ್ದಾಗುತ್ತದೆ, ಬ್ಯಾಟರಿಯ ದೊಡ್ಡ ಕರೆಂಟು ನೇರವಾಗಿ ದೀಪಕ್ಕೆ ಹೋಗುತ್ತದೆ.

ರಿಲೇಯ ಕಾಲುಗಳ ಪಕ್ಕದಲ್ಲಿ ಅಂಕಿಗಳಿರುತ್ತವೆ. 85 ಮತ್ತು 86 ಸುರುಳಿಯವು. 30ಕ್ಕೆ ಬ್ಯಾಟರಿಯಿಂದ ಫ್ಯೂಜಿನ ಮೂಲಕ ಕರೆಂಟು ಬರುತ್ತದೆ, 87ರಿಂದ ದೀಪಕ್ಕೆ ಹೋಗುತ್ತದೆ. ತೀರ ಹಳೆಯ ಲೂಕಾಸ್ ಮಾದರಿಯವುಗಳಲ್ಲಿ ಅಂಕಿಯ ಬದಲು ಅಕ್ಷರವಿರುತ್ತದೆ: ಡಬ್ಲ್ಯೂ1, ಡಬ್ಲ್ಯೂ2 ಎಂದರೆ ಸುರುಳಿ, ಸಿ1, ಸಿ2 ಎಂದರೆ ಪಾಯಿಂಟು.

ಈಗ ಪರೀಕ್ಷೆ. ಇಂಜಿನ್ ನಿಲ್ಲಿಸಿ ಕೀಲಿ ತಿರುಗಿಸಿ, ರಿಲೇಯ ಮೇಲೆ ಬೆರಳಿಟ್ಟುಕೊಂಡು ಮತ್ತೊಬ್ಬರಿಗೆ ಲೈಟಿನ ಸ್ವಿಚ್ಚು ಹಾಕಲು ಹೇಳಿರಿ. ಟಕ್ ಎಂದಿತೇ? ಎಂದಿದ್ದರೆ ಸ್ವಿಚ್ಚೂ ಸುರುಳಿಯೂ ಸರಿಯಾಗಿವೆ, ಹುಡುಕಬೇಕಾದ್ದು 30 ಮತ್ತು 87ರ ಕಡೆಗೆ. ರಿಲೇ ಕಿತ್ತು, ಅದರ ಮನೆಯಲ್ಲಿ ಈ ಎರಡು ತೂತುಗಳನ್ನು ಸರಿಯಾಗಿ ಗುರುತಿಸಿ, ದಪ್ಪ ವೈರಿನ ತುಂಡಿನಿಂದ ಒಂದು ಕ್ಷಣ ಕೂಡಿಸಿರಿ. ದೀಪ ಹತ್ತಿದರೆ ರಿಲೇಯ ಪಾಯಿಂಟು ಸುಟ್ಟಿದೆ, ಆಗ ಹೊಸದು ಕೊಳ್ಳುವುದು ನ್ಯಾಯ. ಹತ್ತದಿದ್ದರೆ ರಿಲೇ ಬದಲಿಸಿ ಪ್ರಯೋಜನವಿಲ್ಲ. ಫ್ಯೂಜು, ವೈರು, ಬಲ್ಬು, ಅರ್ಥಿಂಗು ನೋಡಬೇಕು.

ಟಕ್ ಎನ್ನದಿದ್ದರೆ ಸುರುಳಿಯ ಒಂದು ಕಾಲಿಗೆ ಸ್ವಿಚ್ಚಿನಿಂದ ಕರೆಂಟು, ಇನ್ನೊಂದಕ್ಕೆ ಅರ್ಥ್ ಸಿಗುತ್ತಿದೆಯೇ ನೋಡಿರಿ. ಟರ್ರ್ ಎಂದು ನಡುಗುತ್ತಿದ್ದರೆ ಬ್ಯಾಟರಿ ಸೋತಿದೆ, ಅಥವಾ ಎಲ್ಲೋ ಜೋಡಣೆ ಸಡಿಲಾಗಿದೆ.

ಇಲ್ಲಿ ಮೀಟರನ್ನು ಪೂರ್ತಿ ನಂಬಬೇಡಿ. ಹತ್ತು ಎಳೆಗಳಲ್ಲಿ ಒಂಬತ್ತು ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಡಿಜಿಟಲ್ ಮೀಟರು 12 ವೋಲ್ಟು ತೋರಿಸುತ್ತದೆ. ಹಳೆಯ ಇಂಡಿಕೇಟರ್ ಬಲ್ಬಿಗೆ ಎರಡು ವೈರು ಕಟ್ಟಿದ ಟೆಸ್ಟ್ ಲ್ಯಾಂಪು ಹಾಗೆ ಮೋಸ ಹೋಗುವುದು ಕಡಿಮೆ. ಸೋತ ವೈರಿನಲ್ಲಿ ಅದು ಮಂಕಾಗಿ ಉರಿದು ಸತ್ಯ ಹೇಳಿಬಿಡುತ್ತದೆ. ಮೀಟರಿಗೂ ಕೆಲಸವಿದೆ: ಲೈಟು ಉರಿಯುತ್ತಿರುವಾಗಲೇ ಅದರ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಬಲ್ಬಿನ ಅರ್ಥ್ ತುದಿಗೂ ಹಿಡಿಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಕಳ್ಳ ಅಲ್ಲೇ ಇದ್ದಾನೆ. ಬಲ್ಬಿಗೆ 12ರ ಬದಲು 10.5 ವೋಲ್ಟು ಸಿಕ್ಕರೆ ಬೆಳಕಿನ ಮೂರನೆಯ ಒಂದು ಪಾಲು ಹೋದಂತೆ.

ಹಳೆಯ ಗಾಡಿಗಳಲ್ಲಿ ಈ ಅರ್ಥಿಂಗಿನ ಕಾಟವೇ ಹೆಚ್ಚು. ಬಾಡಿಗೆ ಬಿಗಿದ ಬೋಲ್ಟಿನ ಕೆಳಗೆ ತುಕ್ಕು ಹಿಡಿದಿರುತ್ತದೆ, ಇಲ್ಲವೆ ಟಿಂಕರಿಂಗ್ ಮಾಡಿದವರು ಅದರ ಮೇಲೆಯೇ ಬಣ್ಣ ಬಳಿದಿರುತ್ತಾರೆ. ಬ್ರೇಕು ಒತ್ತಿದಾಗ ಹಿಂದೀಪ ಮಂಕಾಗುವುದು, ಇಂಡಿಕೇಟರ್ ಹಾಕಿದರೆ ಬೇರೆ ದೀಪ ಮಿಣುಕುವುದು ಇದರದೇ ಲಕ್ಷಣ. ಬೋಲ್ಟು ಬಿಚ್ಚಿ ಮರಳು ಕಾಗದದಿಂದ ಬೆಳ್ಳಗೆ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿರಿ. ಅರ್ಧ ತಾಸಿನ ಕೆಲಸ. ತೊಗರಿ, ಸೋಯಾಬೀನಿನ ಗೋದಾಮಿನ ಪಕ್ಕ ಗಾಡಿ ನಿಲ್ಲಿಸುವವರು ಇಲಿ ಕಡಿದ ವೈರನ್ನೂ ನೋಡಿಕೊಳ್ಳಬೇಕು.

ಇನ್ನು ಫ್ಯೂಜಿನ ಮಾತು. ಫ್ಯೂಜು ಇರುವುದು ಬಲ್ಬನ್ನು ಕಾಯಲಿಕ್ಕಲ್ಲ, ವೈರನ್ನು ಕಾಯಲಿಕ್ಕೆ. ಅದು ಹೋದಾಗ ಸಿಗರೇಟಿನ ಚಿನ್ನಾರಿ ಕಾಗದವನ್ನೋ ತಾಮ್ರದ ಎಳೆಯನ್ನೋ ಸುತ್ತಿ ಕೂಡಿಸುವ ಜಾಣತನ ನಮ್ಮಲ್ಲಿ ಬಹಳ. ದೀಪವೇನೋ ಹತ್ತುತ್ತದೆ. ಆದರೆ ಮುಂದಿನ ಸಲ ಶಾರ್ಟ್ ಆದಾಗ ಸುಡುವುದು ಫ್ಯೂಜಲ್ಲ, ಪೆಟ್ರೋಲ್ ನಳಿಕೆಯ ಹತ್ತಿರ ಹಾದುಹೋಗುವ ವೈರು. 100 ವ್ಯಾಟಿನ ಬಲ್ಬು ಹಾಕಿಸುವುದೂ ಇದೇ ಜಾತಿಯದು. ಎರಡು ಬಲ್ಬಿಗೆ ಸುಮಾರು 17 ಆಂಪಿಯರ್ ಆಯಿತು, 30 ವರ್ಷದ ವೈರು ಅದನ್ನು ಹೇಗೆ ತಡೆದೀತು? ಎದುರಿಗೆ ಬರುವವನ ಕಣ್ಣಂತೂ ಕುರುಡೇ.

ಹೊಸ ರಿಲೇ ಕೊಳ್ಳಲೇಬೇಕಾಗಿ ಬಂದರೆ ಹಳೆಯದನ್ನು ಅಂಗಡಿಗೆ ಒಯ್ದು ಕಾಲು ಎಣಿಸಿ ತನ್ನಿರಿ. ಐದು ಕಾಲಿನದರಲ್ಲಿ ನಡುವಿನ ಕಾಲು ಕೆಲವಕ್ಕೆ 87, ಕೆಲವಕ್ಕೆ 87ಎ. ಈ 87ಎಗೆ ಸ್ವಿಚ್ಚು ಆರಿಸಿದಾಗಲೇ ಕರೆಂಟು. ಅದಲುಬದಲಾದರೆ ರಾತ್ರಿಯಿಡೀ ದೀಪ ಉರಿದು ಬೆಳಿಗ್ಗೆ ಬ್ಯಾಟರಿ ಖಾಲಿ. ವೈರಿಂಗಿಗೆ ಕೈ ಹಾಕುವ ಮೊದಲು ಬೆರಳಿನ ಉಂಗುರ ತೆಗೆದಿಡಿ. ಬ್ಯಾಟರಿಯ ಮೈನಸ್ ವೈರನ್ನು ಮೊದಲು ಬಿಚ್ಚಿರಿ, ಕಡೆಗೆ ಜೋಡಿಸಿರಿ.